ಪೋರ್ಟ್ ಫಾರ್ವರ್ಡಿಂಗ್: ತೊಡಕಿನ ಮೂಲ ಮತ್ತು ವಹಿಸಬೇಕಾದ ಎಚ್ಚರ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂತಹ ಊರುಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಅಂತರಜಾಲ ಸಂಪರ್ಕ ಎಂಬ ವ್ಯವಸ್ಥೆ ಅಪರೂಪವಲ್ಲ. ಮಕ್ಕಳು ಮನೆಯ ಗಣಕಯಂತ್ರದಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ಸ್ಥಾಪಿಸಿ ಪರಊರಿನ ಗೆಳೆಯರನ್ನು ಕರೆಯುತ್ತಾರೆ. ಮನೆಯೊಳಗೆ ಆಟ ನಡೆಯುತ್ತದೆ; ಹೊರಗಿನವರಿಗೆ ಮಾತ್ರ ಸಂಪರ್ಕ ದೊರೆಯುವುದಿಲ್ಲ. ಗೋದಾಮಿನ ಸಿಸಿಟಿವಿಯನ್ನಾಗಲೀ ಅಂಗಡಿಯ ಲೆಕ್ಕಪತ್ರಗಳನ್ನಾಗಲೀ ಹೊರಗಿನಿಂದ ನೋಡಬಯಸುವ ವರ್ತಕರು ಎದುರಿಸುವುದೂ ಇದೇ ತೊಡಕನ್ನು. ಆದ್ದರಿಂದ ಸದಸ್ಯರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪೋರ್ಟ್ ಫಾರ್ವರ್ಡಿಂಗ್ ಎಂದರೇನು?

ಮಂಡಿಯ ಬಗ್ಗೆ ಹೊರಗಿನವರಿಗೆ ತಿಳಿದಿರುವುದು ಒಂದೇ ವಿಳಾಸ. ಬಂದ ಟಪಾಲನ್ನು ಯಾರ ಮೇಜಿಗೆ ಒಯ್ಯಬೇಕೆಂಬುದು ಗುಮಾಸ್ತರಿಗೆ ಗೊತ್ತಿರುತ್ತದೆ. ರೌಟರ್ ಮಾಡುವುದೂ ಇದೇ ಕೆಲಸ. ನಾವು ಕೇಳದೆ ಹೊರಗಿನಿಂದ ಬಂದ ಕರೆಯನ್ನು ಅದು ಒಳಬಿಡುವುದಿಲ್ಲ. ಇಂತಹ ಪೋರ್ಟ್ ಸಂಖ್ಯೆಗೆ ಬಂದುದನ್ನು ಇಂತಹ ಗಣಕಯಂತ್ರಕ್ಕೆ ತಲುಪಿಸು ಎಂದು ರೌಟರಿಗೆ ಕೊಡುವ ನಿಯಮವೇ ಪೋರ್ಟ್ ಫಾರ್ವರ್ಡಿಂಗ್.

ಪರಿಶೀಲನೆಯ ಕ್ರಮ

1. ಮೊದಲು ಮನೆಯ ಮತ್ತೊಂದು ಗಣಕಯಂತ್ರದಿಂದ ಸರ್ವರ್‌ಗೆ ಸಂಪರ್ಕಿಸಿ ನೋಡಬೇಕು. ಅಲ್ಲಿಯೇ ವಿಫಲವಾದರೆ ದೋಷವಿರುವುದು ಸರ್ವರ್‌ನಲ್ಲಿ ಅಥವಾ ಅದರ ಫೈರ್‌ವಾಲ್‌ನಲ್ಲಿ.

2. ರೌಟರಿನ ಪುಟದಲ್ಲಿ ಕಾಣುವ ವ್ಯಾನ್ ವಿಳಾಸವನ್ನು, ನಮ್ಮ ಐಪಿ ವಿಳಾಸ ತಿಳಿಸುವ ಯಾವುದಾದರೂ ಜಾಲತಾಣ ತೋರಿಸುವ ವಿಳಾಸದೊಡನೆ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಮುಂದುವರಿಯಬಹುದು. ವ್ಯಾನ್ ವಿಳಾಸವು 100.64ರಿಂದ 100.127ರ ನಡುವಿನದಾದರೆ, ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆಂದು ತಿಳಿಯಬೇಕು. ಐಪಿವಿ4 ಪದ್ಧತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ; ಅವುಗಳ ಕೇಂದ್ರೀಯ ಸಂಗ್ರಹ 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ಇಂತಹ ಹಂಚಿಕೆಯಿದ್ದಲ್ಲಿ ನಮ್ಮ ರೌಟರಿನಲ್ಲಿ ಎಷ್ಟು ನಿಯಮ ಬರೆದರೂ ಪ್ರಯೋಜನವಿಲ್ಲ. ಶುಲ್ಕ ತೆತ್ತು ಸ್ಥಿರ ಸಾರ್ವಜನಿಕ ವಿಳಾಸವನ್ನು ಕೋರಬೇಕು.

3. ವ್ಯಾನ್ ವಿಳಾಸ 192.168ರಿಂದ ಆರಂಭವಾಗಿದ್ದರೆ, ಸಾಮಾನ್ಯವಾಗಿ ನಮ್ಮ ರೌಟರಿನ ಹಿಂದೆ ಸೇವಾದಾರರ ಇನ್ನೊಂದು ರೌಟರ್ ಇರುತ್ತದೆ. ಆಗ ಎರಡರಲ್ಲಿಯೂ ನಿಯಮ ಬರೆಯಬೇಕು, ಇಲ್ಲವೇ ಒಂದನ್ನು ಬ್ರಿಡ್ಜ್ ಸ್ಥಿತಿಗೆ ತರಬೇಕು.

4. ಸರ್ವರ್ ಇರುವ ಗಣಕಯಂತ್ರಕ್ಕೆ ಮನೆಯೊಳಗಿನ ವಿಳಾಸವನ್ನು ಕಾಯಂಗೊಳಿಸಬೇಕು. ಇಲ್ಲವಾದರೆ ಇಂದು ಸರಿಯಿದ್ದ ನಿಯಮ ವಿಳಾಸ ಬದಲಾದೊಡನೆ ತಪ್ಪಾಗುತ್ತದೆ.

5. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಟಿಸಿಪಿ 25565, ಬೆಡ್‌ರಾಕ್ ಆವೃತ್ತಿಗೆ ಯುಡಿಪಿ 19132 ರೂಢಿಯ ಪೋರ್ಟ್‌ಗಳು. ಸಂಖ್ಯೆ ಸರಿಯಿದ್ದು ಟಿಸಿಪಿ, ಯುಡಿಪಿ ಅದಲುಬದಲಾದರೂ ಸಂಪರ್ಕ ದೊರೆಯದು.

6. ಕೊನೆಯ ಪರೀಕ್ಷೆಯನ್ನು ಮನೆಯ ವೈ-ಫೈನಿಂದ ಮಾಡದೆ ಮೊಬೈಲ್ ಡೇಟಾದಿಂದಲೇ ಮಾಡಬೇಕು. ಒಳಗಿನಿಂದ ಹೊರವಿಳಾಸಕ್ಕೆ ಹೋಗಿ ಮರಳುವ ಕರೆಯನ್ನು ಅನೇಕ ರೌಟರ್‌ಗಳು ನಿರ್ವಹಿಸುವುದಿಲ್ಲ.

ಲೆಕ್ಕಪತ್ರಗಳ ದೃಷ್ಟಿಯಿಂದ

ಗೆಳೆಯರಿಗಾಗಿ ತೆರೆದ ಬಾಗಿಲು ಅಪರಿಚಿತರಿಗೂ ತೆರೆದೇ ಇರುತ್ತದೆ ಎಂಬುದನ್ನು ಮರೆಯಬಾರದು. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಜೆ ಎಂಬ ತಂತ್ರಾಂಶ ದೋಷದಿಂದ, ಆಟದ ಮಾತುಕತೆಯಲ್ಲಿ ಒಂದು ಸಾಲು ಟೈಪಿಸಿದರೆ ಸಾಕು, ಮೈನ್‌ಕ್ರಾಫ್ಟ್ ಸರ್ವರ್ ಇದ್ದ ಗಣಕಯಂತ್ರವನ್ನೇ ವಶಪಡಿಸಿಕೊಳ್ಳಲು ಸಾಧ್ಯವಿತ್ತು. ಅದೇ ಜಾಲದಲ್ಲಿ ಅಂಗಡಿಯ ಖಾತೆಪುಸ್ತಕಗಳಿದ್ದರೆ ಅವುಗಳ ಗತಿಯೇನು? ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡುವುದು ವರ್ತಕರ ಹೊಣೆಯಾಗಿದೆ.

ಆದುದರಿಂದ ಆಟದ ಸರ್ವರ್ ಮತ್ತು ಲೆಕ್ಕದ ಗಣಕಯಂತ್ರ ಒಂದೇ ಜಾಲದಲ್ಲಿ ಇರಕೂಡದು. ಸಾಧ್ಯವಾದರೆ ಸಂಪರ್ಕವನ್ನೇ ಬೇರೆ ಮಾಡುವುದು ಉತ್ತಮ. ದೂರದಿಂದ ಗಣಕಯಂತ್ರ ನಿರ್ವಹಿಸುವ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಲೇಬಾರದು. ಲೆಕ್ಕಪತ್ರ ನೋಡಲು ವಿಪಿಎನ್ ಬಳಸಬೇಕು. ಒಳಗಿನಿಂದಲೇ ಹೊರಟು ಸಂಪರ್ಕ ಸಾಧಿಸುವ ವಿಪಿಎನ್ ಸೇವೆಗಳು ಹಂಚಿಕೆಯ ವಿಳಾಸವಿದ್ದಲ್ಲಿಯೂ ಕೆಲಸ ಮಾಡುತ್ತವೆ. ಪ್ರತಿದಿನದ ಬ್ಯಾಕಪ್ ಪ್ರತಿಯೊಂದನ್ನು ಜಾಲದಿಂದ ಹೊರಗಿಡಬೇಕು.

ಸ್ಥಿರ ವಿಳಾಸದ ಶುಲ್ಕಕ್ಕೆ ತೆತ್ತ 18% ಜಿಎಸ್‌ಟಿಯಲ್ಲಿ ವ್ಯಾಪಾರಕ್ಕೆ ಬಳಕೆಯಾದ ಪಾಲಿಗೆ ಮಾತ್ರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಮಕ್ಕಳ ಆಟದ ಪಾಲಿಗೆ ದೊರೆಯದು. ರಜೆ ಮುಗಿದು ಆಟ ನಿಂತ ದಿನವೇ ರೌಟರಿನಲ್ಲಿ ಬರೆದ ನಿಯಮವನ್ನು ಅಳಿಸಿಹಾಕುವುದು ಸದಸ್ಯರೆಲ್ಲರಿಗೂ ಕ್ಷೇಮಕರ.