ಜಾರುವ ಕ್ಲಚ್: ವೇಗದ ಕಾರಿನ ರೋಗನಿದಾನ

ವೇಗದ ಕಾರಿನ ಮೋಹ ಇಂದು ನಮ್ಮ ಕುಟುಂಬಗಳ ತರುಣರಲ್ಲಿ ಸರ್ವೇಸಾಮಾನ್ಯವಾಗಿದೆ. ಹೊಸದನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದ್ದರಿಂದ ಅನೇಕರು ಹಳೆಯ ಕಾರುಗಳ ಪೇಟೆಯತ್ತ ಮುಖ ಮಾಡುತ್ತಾರೆ. 2004ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2015ರಲ್ಲಿ ಪುಣೆ ಸಮೀಪದ ರಂಜನಗಾಂವ್ ಕಾರ್ಖಾನೆಯಿಂದ ಹೊರಬಂದ ಫಿಯೆಟ್ ಅಬಾರ್ತ್ ಪುಂಟೊ, ಇವು ಇಂದಿಗೂ ಆ ಪೇಟೆಯಲ್ಲಿ ಹುಡುಕುವವರುಳ್ಳ ಕಾರುಗಳು. ಎರಡೂ ಟರ್ಬೊ ಪೆಟ್ರೋಲ್ ಇಂಜಿನ್ನಿನವು. ಎರಡರಲ್ಲೂ ಕೈಯಿಂದಲೇ ಗೇರ್ ಬದಲಿಸಬೇಕು.

ಇಂತಹ ಕಾರು ಮುಂಬಯಿಯ ದಟ್ಟಣೆಯಲ್ಲಿ ಯಾವ ತಕರಾರನ್ನೂ ತೋರದೆ ಓಡಾಡಿಕೊಂಡಿರುತ್ತದೆ. ಊರಿಗೆಂದು ಹೊರಟು ಖಂಡಾಲಾ ಘಾಟಿಯ ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಇಂಜಿನ್ ಆರ್ಭಟಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಹಿಂದಿನಿಂದ ವಾಹನಗಳು ಬರುತ್ತಿರುವಾಗ ಇದು ಪ್ರಾಣಕ್ಕೇ ಸಂಚಕಾರ. ಗ್ಯಾರೇಜಿಗೆ ಒಯ್ದರೆ ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು’ ಎಂಬ ಒಂದೇ ಉತ್ತರ. ಅದಕ್ಕೆ ಹತ್ತಾರು ಸಾವಿರ ರೂಪಾಯಿ ತೆರಬೇಕಾಗುವುದರಿಂದ, ರೋಗ ನಿಜವಾಗಿಯೂ ಅದೇ ಹೌದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಲೇಸು.

ಹಳ್ಳಿಯ ಹಿಟ್ಟಿನ ಗಿರಣಿಯನ್ನು ಕಂಡವರಿಗೆ ಕ್ಲಚ್ಚಿನ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಗಿರಣಿಯ ಬೆಲ್ಟು ಸಡಿಲವಾದರೆ ಮೋಟಾರು ತಿರುಗುತ್ತಲೇ ಇರುತ್ತದೆ, ಕಲ್ಲು ಮಾತ್ರ ನಿಧಾನವಾಗುತ್ತದೆ. ಕಾರಿನಲ್ಲಿ ಇಂಜಿನ್ನಿಗೆ ಅಂಟಿಕೊಂಡ ಫ್ಲೈವೀಲ್ ಹಾಗೂ ಬಲವಾದ ಸ್ಪ್ರಿಂಗ್ ಉಳ್ಳ ಪ್ರೆಶರ್ ಪ್ಲೇಟ್, ಇವೆರಡರ ನಡುವೆ ಕ್ಲಚ್ ಪ್ಲೇಟ್ ಅದುಮಿಕೊಂಡಿರುತ್ತದೆ. ಇಂಜಿನ್ನಿನ ಶಕ್ತಿಯೆಲ್ಲ ಗೇರ್ ಬಾಕ್ಸಿಗೆ ದಾಟುವುದು ಈ ಘರ್ಷಣೆಯ ಹಿಡಿತದಿಂದಲೇ. ಪ್ಲೇಟಿನ ಲೈನಿಂಗ್ ಸವೆದರೆ, ಅದಕ್ಕೆ ಎಣ್ಣೆ ತಗುಲಿದರೆ ಅಥವಾ ಸ್ಪ್ರಿಂಗ್ ಬಲಗುಂದಿದರೆ ಹಿಡಿತ ತಪ್ಪಿ ಜಾರಲಾರಂಭಿಸುತ್ತದೆ.

ಪೇಟೆಯ ಓಡಾಟದಲ್ಲಿ ಈ ದೋಷ ಅಡಗಿರುವುದಕ್ಕೂ ಕಾರಣವಿದೆ. ಟರ್ಬೊ ಇಂಜಿನ್ ತನ್ನ ಪೂರ್ಣ ತಿರುಚುಬಲವನ್ನು, ಅಂದರೆ ಟಾರ್ಕನ್ನು, ಸುಮಾರು 2000 ಆರ್‌ಪಿಎಂ ದಾಟಿದ ಮೇಲೆ ಒಮ್ಮೆಲೇ ಹೊರಹಾಕುತ್ತದೆ. ಅಬಾರ್ತ್ ಪುಂಟೊದಲ್ಲಿ ಅದು 212 ನ್ಯೂಟನ್ ಮೀಟರ್. ಒಂದು, ಎರಡನೆಯ ಗೇರಿನಲ್ಲಿ ಟರ್ಬೊ ಒತ್ತಡ ಪೂರ್ತಿ ಏರುವ ಮುನ್ನವೇ ನಾವು ಗೇರ್ ಬದಲಿಸಿರುತ್ತೇವೆ. ನಾಲ್ಕು, ಐದರಲ್ಲಿ ಹಾಗಲ್ಲ. ಕಾರಿನ ಭಾರ ಎದುರು ನಿಲ್ಲುತ್ತದೆ, ಇಂಜಿನ್ ಬಲವೆಲ್ಲ ಬಹಳ ಹೊತ್ತು ಕ್ಲಚ್ಚಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಜಾರುವಿಕೆ ಮೊದಲು ಕಾಣಿಸಿಕೊಳ್ಳುವುದು ಮೇಲಿನ ಗೇರುಗಳಲ್ಲಿ, ಅದೂ ಏರುದಾರಿಯಲ್ಲಿ. ಹಿಂದಿನ ಮಾಲೀಕರು ‘ರೀಮ್ಯಾಪ್’ ಮಾಡಿಸಿ ಇಂಜಿನ್ ಬಲವನ್ನು ಹೆಚ್ಚಿಸಿದ್ದರಂತೂ ಇನ್ನೂ ಸವೆಯದ ಕ್ಲಚ್ ಕೂಡ ಸೋಲಬಹುದು. ಹಳೆಯ ಕಾರು ಕೊಳ್ಳುವವರು ಈ ಪ್ರಶ್ನೆಯನ್ನು ಕೇಳಲೇಬೇಕು.

ಪರೀಕ್ಷೆಗೆ ಬೇಕಾದ ಉಪಕರಣಗಳು ನಮ್ಮ ಕಣ್ಣೆದುರಿಗೇ ಇವೆ: ಇಂಜಿನ್ ಸುತ್ತುಗಳನ್ನು ತೋರಿಸುವ ಮುಳ್ಳು ಮತ್ತು ವೇಗದ ಮುಳ್ಳು. ಒಂದೇ ಗೇರಿನಲ್ಲಿರುವವರೆಗೆ ಇವೆರಡೂ ಸಮ ಪ್ರಮಾಣದಲ್ಲಿ ಏರಬೇಕು. ಉದಾಹರಣೆಗೆ, ಯಾವುದೋ ಗೇರಿನಲ್ಲಿ 2000 ಸುತ್ತಿಗೆ 60 ಕಿಲೋಮೀಟರ್ ವೇಗವಿದ್ದರೆ, 3000 ಸುತ್ತಿಗೆ 90 ಇರಲೇಬೇಕು. ಬರಿದಾದ ನೇರ ರಸ್ತೆಯಲ್ಲಿ, ಸ್ವಲ್ಪ ಏರಿದ್ದರೆ ಮತ್ತೂ ಒಳ್ಳೆಯದು, ನಾಲ್ಕನೆಯ ಗೇರಿನಲ್ಲಿ 2000ದ ಆಸುಪಾಸಿನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಮುಳ್ಳುಗಳನ್ನು ಗಮನಿಸಲು ಪಕ್ಕದಲ್ಲೊಬ್ಬರಿರಲಿ. ಸುತ್ತು 3000ಕ್ಕೆ ಚಿಮ್ಮಿ ವೇಗ 65ರಲ್ಲೇ ಉಳಿದರೆ, ನಡುವಿನ ವ್ಯತ್ಯಾಸವೆಲ್ಲ ಕ್ಲಚ್ಚಿನಲ್ಲಿ ಶಾಖವಾಗಿ ಹೋಯಿತೆಂದೇ ಅರ್ಥ. ಬ್ಯಾಂಕಿನವನಾದ ನನಗೆ ಇದು ಸಂಜೆ ತಾಳೆಯಾಗದ ನಗದಿನಂತೆ ಕಾಣುತ್ತದೆ; ಕೊರತೆ ಎಲ್ಲಿಯೋ ಇದ್ದೇ ಇರುತ್ತದೆ. ಸುಟ್ಟ ವಾಸನೆಯೂ ಬಂದರೆ ಅನುಮಾನ ಮತ್ತಷ್ಟು ಗಟ್ಟಿಯಾಗುತ್ತದೆ.

ಎರಡೂ ಮುಳ್ಳುಗಳು ನಿಧಾನವಾಗಿ, ಆದರೆ ಒಟ್ಟಿಗೇ ಏರಿದರೆ ಕ್ಲಚ್ ನಿರ್ದೋಷಿ. ಆಗ ಟರ್ಬೊ ಒತ್ತಡದ ಸೋರಿಕೆ, ಇಗ್ನಿಷನ್ ಕಾಯಿಲ್, ಕಟ್ಟಿಕೊಂಡ ಏರ್ ಫಿಲ್ಟರ್ ಇತ್ಯಾದಿಗಳ ಕಡೆ ನೋಡಬೇಕು. ಮಳೆಗಾಲದಲ್ಲಿ ಮುಂದಿನ ಚಕ್ರಗಳು ರಸ್ತೆಯ ಮೇಲೆ ಜಾರಿದರೆ ಸಾಮಾನ್ಯವಾಗಿ ಎರಡೂ ಮುಳ್ಳುಗಳು ಒಟ್ಟಿಗೇ ನೆಗೆಯುತ್ತವೆ. ಅದೂ ಕ್ಲಚ್ಚಿನ ತಪ್ಪಲ್ಲ. ಗೇರ್ ಹಾಕುವಾಗ ಕರಕರ ಸದ್ದಾದರೆ ಅದು ಕ್ಲಚ್ ಪೂರ್ತಿ ಬಿಡದಿರುವ ಲಕ್ಷಣ, ಅಂದರೆ ಜಾರುವಿಕೆಗೆ ತದ್ವಿರುದ್ಧ. ಹೈಡ್ರಾಲಿಕ್ ದ್ರವ ಸೋರಿದಾಗ ಆಗುವುದು ಇದೇ.

ನಿಂತಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡುವ ಪದ್ಧತಿಯೂ ಇದೆ. ಇಂಜಿನ್ ತಕ್ಷಣ ನಿಲ್ಲಬೇಕು; ನಿಲ್ಲದಿದ್ದರೆ ಕ್ಲಚ್ ಮುಗಿದಂತೆಯೇ. ಆದರೆ ನಿಂತ ಮಾತ್ರಕ್ಕೆ ಕ್ಲಚ್ ಸರಿಯಿದೆಯೆನ್ನಲಾಗದು, ಏಕೆಂದರೆ ಇಲ್ಲಿ ಟರ್ಬೊ ಬಲವಿನ್ನೂ ಬಂದಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ರಸ್ತೆಯ ಪರೀಕ್ಷೆಯೇ ಮೇಲು. ಯಾವುದನ್ನೇ ಆಗಲಿ ಮತ್ತೆ ಮತ್ತೆ ಮಾಡಬಾರದು. ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಜಾರುವಿಕೆ ಖಚಿತವಾದರೂ ಗೇರ್ ಬಾಕ್ಸ್ ಇಳಿಸುವ ಮುನ್ನ ಪೆಡಲನ್ನು ನೋಡುವುದು ಅಗತ್ಯ. ಕಾಲಡಿಯ ಮ್ಯಾಟ್ ಸಿಲುಕಿ ಪೆಡಲ್ ಪೂರ್ತಿ ಮೇಲೆ ಬರದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಮಾಸ್ಟರ್ ಸಿಲಿಂಡರಿನ ಸೀಲ್ ಊದಿಕೊಂಡು ದ್ರವ ಹಿಂದಿರುಗದಿದ್ದಾಗಲೂ ಇದೇ ಪಾಡು. ಮೆಕ್ಯಾನಿಕ್ ಬ್ಲೀಡ್ ಸ್ಕ್ರೂ ಸಡಿಲಿಸಿ ಆ ಒತ್ತಡವನ್ನು ಬಿಟ್ಟೊಡನೆ ಹಿಡಿತ ಮರಳಿದರೆ ದೋಷ ಪ್ಲೇಟಿನದಲ್ಲ. ಬಹಳ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಗೇರ್ ಬಾಕ್ಸ್ ಇಳಿಸಲೇಬೇಕಾದರೆ ಹಳೆಯ ಪ್ಲೇಟನ್ನು ಕೇಳಿ ನೋಡಬೇಕು. ಲೈನಿಂಗ್ ಸವೆದು ರಿವೆಟ್ ತಲೆಗಳವರೆಗೆ ಬಂದಿದ್ದರೆ ಅದು ಆಯುಷ್ಯ ಮುಗಿದು ಹೋದದ್ದು. ಸಾಕಷ್ಟು ದಪ್ಪವಿದ್ದೂ ಎಣ್ಣೆಯಿಂದ ತೊಯ್ದಿದ್ದರೆ ಇಂಜಿನ್ನಿನ ಹಿಂಬದಿಯ ಅಥವಾ ಗೇರ್ ಬಾಕ್ಸಿನ ಆಯಿಲ್ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದಕ್ಕೂ ಅದೇ ಗತಿ. ಫ್ಲೈವೀಲಿನ ಮೇಲೆ ನೀಲಿ ಕಲೆ, ಬಿರುಕುಗಳಿವೆಯೇ ಎಂದೂ ಆಗಲೇ ನೋಡಿಸಬೇಕು. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸುವುದು ಜಾಣತನ, ಏಕೆಂದರೆ ಬಿಡಿಭಾಗದಷ್ಟೇ ಇಳಿಸುವ ಕೂಲಿಯೂ ಭಾರವಾದದ್ದು. ಹೊಸ ಕ್ಲಚ್ ಹಾಕಿಸಿದ ಮೊದಲ ಕೆಲವು ನೂರು ಕಿಲೋಮೀಟರ್ ಕಾರನ್ನು ಮೆಲ್ಲಗೆ ಓಡಿಸಿ, ಪ್ಲೇಟು ಚೆನ್ನಾಗಿ ಕೂತ ಬಳಿಕ ಘಾಟಿ ಹತ್ತಿಸಬಹುದು.