ಅಂಗಾಲಿನ ಕರಿ ಮಚ್ಚೆ, ತೊಡೆಸಂದಿಯ ಗಂಟು

ಅಕ್ಕಲಕೋಟ: ಹೊಲದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾದರೆ ಎರಡು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಏಳುತ್ತದೆ. ಮರಾಠಿಯಲ್ಲಿ ಅದಕ್ಕೆ 'ಅವಧಾಣ' ಎನ್ನುವರು. ಮುಳ್ಳ ತಗದ್ರ ತಾನ ಇಳೀತೈತಿ ಎಂಬ ಹಿರಿಯರ ಮಾತು ಹೆಚ್ಚಿನ ಸಲ ನಿಜವೂ ಹೌದು. ಆದರೆ ಅಂಗಾಲಿನಲ್ಲಿ ನೋವಿಲ್ಲದ ಕರಿ ಮಚ್ಚೆ ಹಬ್ಬುತ್ತಿದ್ದು, ಅದೇ ಕಾಲಿನ ಸಂದಿಯಲ್ಲಿ ನೋವಿಲ್ಲದ ಗಂಟು ಬಂದರೆ ಮಾತು ಬೇರೆ.

ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರಬಹುದು. ಭಾರತದಲ್ಲಿ ಇದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ ಬರುತ್ತದೆ. ಬಿಸಿಲಿಗೂ ಇದಕ್ಕೂ ಅಷ್ಟು ಸಂಬಂಧವಿಲ್ಲ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನಲ್ಲಿ ಇದೇ ರೋಗ ಪತ್ತೆಯಾಯಿತು. ಮೊದಲು ಫುಟ್‌ಬಾಲ್ ಆಟದ ಗಾಯವೆಂದೇ ತಿಳಿಯಲಾಗಿತ್ತು. 1981ರಲ್ಲಿ, 36ನೇ ವಯಸ್ಸಿಗೆ, ಅವರು ತೀರಿಕೊಂಡರು.

ಕಾಲಿನಿಂದ ಸಂದಿಗೆ ದಾರಿ ಯಾವುದು? ರಕ್ತನಾಳಗಳಂತೆಯೇ ಮೈತುಂಬ ದುಗ್ಧನಾಳಗಳಿವೆ. ಅಂಗಾಂಶಗಳಲ್ಲಿ ಉಳಿದ ನೀರನ್ನು ಹೊತ್ತು ದುಗ್ಧಗ್ರಂಥಿಗಳ ಮೂಲಕ ಮರಳಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಕಾಲಿನ ನಾಳಗಳು ತೊಡೆಸಂದಿಯ ಗ್ರಂಥಿಗೆ ಬರುತ್ತವೆ. ಕ್ಯಾನ್ಸರ್ ಗಡ್ಡೆ ಈ ದಾರಿಯನ್ನು ಬಳಸುವುದಷ್ಟೇ ಅಲ್ಲ, ಹೊಸ ದಾರಿಯನ್ನೂ ಮಾಡಿಸಿಕೊಳ್ಳುತ್ತದೆ. 1996ರಲ್ಲಿ ಗುರುತಿಸಲಾದ ವಿಇಜಿಎಫ್-ಸಿ ಎಂಬ ಪ್ರೋಟೀನ್ ಸುರಿದಾಗ ಸುತ್ತಲಿನ ದುಗ್ಧನಾಳಗಳು ಚಿಗುರೊಡೆದು ಅಗಲವಾಗುತ್ತವೆ. ಕಾಲುವೆಗೆ ಕಳ್ಳ ತೂಬು ಒಡೆದಂತೆ! ಇಂಥ ನಾಳಗಳು ಹೆಚ್ಚಿದಷ್ಟೂ ರೋಗ ಗ್ರಂಥಿಗೆ ಹರಡುವುದು ಹೆಚ್ಚೆಂದು 2001ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಈ ನಾಳಗಳ ಬೆಳವಣಿಗೆ ತಡೆದು ಮೆಲನೋಮ ವಾಸಿಮಾಡುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ.

ಹಾಗಾಗಿ ವೈದ್ಯರು ಮೊದಲ ಗ್ರಂಥಿಯನ್ನೇ ಹುಡುಕುತ್ತಾರೆ. ಮಚ್ಚೆಯ ಬಳಿ ನೀಲಿ ಬಣ್ಣ ಚುಚ್ಚಿದರೆ ಅದು ನಾಳ ಹಿಡಿದು ಯಾವ ಗ್ರಂಥಿಗೆ ಮೊದಲು ಹೋಗುತ್ತದೋ ಅದನ್ನು ತೆಗೆದು ಪರೀಕ್ಷಿಸುತ್ತಾರೆ. ಅಮೆರಿಕದ ಡೊನಾಲ್ಡ್ ಮಾರ್ಟನ್ 1992ರಲ್ಲಿ ಪ್ರಕಟಿಸಿದ ವಿಧಾನವಿದು. ಹಿಂದೆ ಅದರಲ್ಲಿ ರೋಗ ಕಂಡರೆ ಸಂದಿಯ ಎಲ್ಲ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಕಾಲು ಬಾತು ಜೀವನಪರ್ಯಂತ ಕಾಡುತ್ತಿತ್ತು. ಹಾಗೆ ಪೂರ್ತಿ ತೆಗೆದರೂ ಮೆಲನೋಮದ ಸಾವು ಕಡಿಮೆಯಾಗಲಿಲ್ಲವೆಂದು 2017ರ ದೊಡ್ಡ ಅಧ್ಯಯನ ತೋರಿಸಿದ ಮೇಲೆ ಆ ಪದ್ಧತಿ ಬಹುಪಾಲು ನಿಂತಿದೆ.

ನಮ್ಮಲ್ಲಿ ತೊಂದರೆ ಇದಕ್ಕೂ ಮುಂಚಿನದು. ಆಣಿ ಎಂದು ಬ್ಲೇಡಿನಿಂದ ಕೆತ್ತುವುದು, ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಾಯುವುದು. ಅಂಚು ಸೊಟ್ಟಗಿರುವ, ಬಣ್ಣ ಬದಲಾಗುವ, ಹಬ್ಬುವ ಮಚ್ಚೆ, ಉಗುರಿನ ಕರಿ ಗೆರೆ ಬುಡದ ಚರ್ಮಕ್ಕೂ ಇಳಿಯುವುದು, ವಾಸಿಯಾಗದ ಹುಣ್ಣು: ಇವನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕು. ಬಯಾಪ್ಸಿಯೊಂದೇ ಖಚಿತ ಉತ್ತರ. ಸೊಲ್ಲಾಪುರ ಜಿಲ್ಲೆಯವರಿಗೆ ಬಾರ್ಶಿಯಲ್ಲಿಯೇ ಕ್ಯಾನ್ಸರ್ ಆಸ್ಪತ್ರೆಯಿದೆ.