ಸತುವಿನ ಸಲ್ಫೇಟ್ ಕೊಳ್ಳುವ ಮುನ್ನ: ಅಣುಸೂತ್ರದಲ್ಲಿ ಪರಮಾಣುಗಳ ಎಣಿಕೆ

ಭತ್ತ ನಾಟಿಯಾದ ಎರಡು-ಮೂರು ವಾರಗಳಲ್ಲಿ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ ಬೆಳವಣಿಗೆ ಕುಂಠಿತಗೊಂಡರೆ ಅದು ಸತುವಿನ ಕೊರತೆಯ ಲಕ್ಷಣವಾಗಿರಬಹುದು. ಇದರ ನಿವಾರಣೆಗೆ ಸತುವಿನ ಸಲ್ಫೇಟ್ ಕೊಳ್ಳಲು ಹೋದಾಗ ಒಂದೇ ಹೆಸರಿನ ಎರಡು ಗೊಬ್ಬರಗಳು ದೊರೆಯುತ್ತವೆ. ಒಂದರಲ್ಲಿ ಸತು ಶೇ. 21, ಮತ್ತೊಂದರಲ್ಲಿ ಶೇ. 33. ಬೆಲೆಯೂ ಬೇರೆ. ಈ ವ್ಯತ್ಯಾಸಕ್ಕೆ ಕಾರಣ ಅವುಗಳ ಅಣುಸೂತ್ರದಲ್ಲಿದೆ. ಅದನ್ನು ಓದಲು ಕೂಡುವುದು, ಗುಣಿಸುವುದು ಬಂದರೆ ಸಾಕು.

ಮೊದಲು ಪರಿಚಿತವಾದ ಯೂರಿಯಾವನ್ನು ನೋಡೋಣ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಇದರ ಸೂತ್ರವನ್ನು ಕನ್ನಡದಲ್ಲಿ ಸಿಓ(ಎನ್‌ಎಚ್₂)₂ ಎಂದು ಓದಬಹುದು. ಸಿ ಎಂದರೆ ಇಂಗಾಲ, ಓ ಆಮ್ಲಜನಕ, ಎನ್ ಸಾರಜನಕ, ಎಚ್ ಜಲಜನಕ. ಸಂಕೇತದ ಬಲಕ್ಕೆ ಕೆಳಗಿರುವ ಸಣ್ಣ ಅಂಕಿ ಆ ಧಾತುವಿನ ಪರಮಾಣುಗಳ ಸಂಖ್ಯೆ. ಅಂಕಿ ಇಲ್ಲದಿದ್ದರೆ ಒಂದು ಎಂದು ತಿಳಿಯಬೇಕು. ಆವರಣದ ಹೊರಗಿನ ಅಂಕಿಯು ಒಳಗಿರುವ ಎಲ್ಲವನ್ನೂ ಗುಣಿಸುತ್ತದೆ. ಆದ್ದರಿಂದ ಇಲ್ಲಿ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4. ಪರಮಾಣು ತೂಕಗಳನ್ನು ಸೇರಿಸಿದರೆ 12+16+28+4, ಅಂದರೆ 60. ಇದರಲ್ಲಿ ಸಾರಜನಕ 28, ಎಂದರೆ ಶೇ. 46.7. ಚೀಲದ ಮೇಲಿನ ಶೇ. 46 ಬಂದದ್ದು ಹೀಗೆ. ಹೊರಗಿನ 2 ಜಲಜನಕಕ್ಕೆ ಮಾತ್ರ ಎಂದು ಭಾವಿಸಿದರೆ ಸಾರಜನಕ ಶೇ. 30 ಎಂಬ ತಪ್ಪು ಉತ್ತರ ಬರುತ್ತದೆ. ವಿಸ್ತರಣಾ ಕಾರ್ಯಕರ್ತರು ತರಬೇತಿಯಲ್ಲಿ ಈ ಹಂತವನ್ನು ಎರಡು ಬಾರಿ ಬಿಡಿಸಿ ತೋರಿಸುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ದೊಡ್ಡಕ್ಷರದ ನಂತರ ಚಿಕ್ಕಕ್ಷರ ಬಂದರೆ ಎರಡೂ ಸೇರಿ ಒಂದೇ ಧಾತು. ಯೂರಿಯಾದ ಸೂತ್ರದಲ್ಲಿ ಓ ಅನ್ನು ಚಿಕ್ಕದಾಗಿ ಬರೆದರೆ ಇಂಗಾಲ-ಆಮ್ಲಜನಕ ಹೋಗಿ ಕೋಬಾಲ್ಟ್ ಆಗಿಬಿಡುತ್ತದೆ!

ಈಗ ಸತುವಿನ ಸಲ್ಫೇಟ್‌ಗೆ ಬರೋಣ. ಶೇ. 21ರ ಗೊಬ್ಬರದ ಹೆಸರು ಹೆಪ್ಟಾಹೈಡ್ರೇಟ್, ಸೂತ್ರ ಝಡ್‌ಎನ್‌ಎಸ್‌ಓ₄·7ಎಚ್₂ಓ. ಝಡ್‌ಎನ್ ಎಂದರೆ ಸತು, ಎಸ್ ಎಂದರೆ ಗಂಧಕ. ನಡುವಿನ ಚುಕ್ಕೆ ಗುಣಾಕಾರದ ಗುರುತಲ್ಲ. ಹರಳಿನೊಳಗೆ ನೀರೂ ಸೇರಿದೆ ಎಂಬ ಸೂಚನೆ. ನೀರಿನ ಮುಂದಿರುವ ದೊಡ್ಡ 7 ಇಡೀ ನೀರಿನ ಅಣುವನ್ನು ಗುಣಿಸುತ್ತದೆ. ಹೀಗಾಗಿ ಸತು 1, ಗಂಧಕ 1, ಜಲಜನಕ 14, ಆಮ್ಲಜನಕ 4+7=11. ಒಟ್ಟು ತೂಕ ಸುಮಾರು 287. ಅದರಲ್ಲಿ ನೀರೇ 126! ಸತು 65.4 ಮಾತ್ರ, ಅಂದರೆ ಶುದ್ಧ ಹರಳಿನಲ್ಲಿ ಶೇ. 22.8. ಶೇ. 33ರ ಮಾನೋಹೈಡ್ರೇಟ್‌ನಲ್ಲಿ ನೀರಿನ ಅಣು ಒಂದೇ. ತೂಕ ಸುಮಾರು 179. ಶುದ್ಧ ರೂಪದಲ್ಲಿ ಸತು ಶೇ. 36.5ರಷ್ಟು. ಎರಡರಲ್ಲಿಯೂ ಸತುವಿನ ಪರಮಾಣು ಒಂದೇ ಒಂದು, ಬದಲಾದದ್ದು ನೀರು.

ನಿಮ್ಮ ಶಿಫಾರಸು ಎಕರೆಗೆ 8 ಕಿ.ಗ್ರಾಂ ಹೆಪ್ಟಾಹೈಡ್ರೇಟ್ ಎಂದಿದ್ದರೆ ಭೂಮಿಗೆ ಸೇರುವ ಸತು 1.68 ಕಿ.ಗ್ರಾಂ. ಇಷ್ಟೇ ಸತುವಿಗೆ ಮಾನೋಹೈಡ್ರೇಟ್ ಸುಮಾರು 5 ಕಿ.ಗ್ರಾಂ ಸಾಕು. ಎಂಟು ಕಿಲೋ ಹಾಕಿದರೆ ಹಣ ವ್ಯರ್ಥ. ಇದಕ್ಕಿಂತ ನಷ್ಟದ ತಪ್ಪು ಎಂದರೆ ‘ಐದು ಕಿಲೋ ಸಾಕು’ ಎಂಬ ಮಾತು ಕೇಳಿ ಹೆಪ್ಟಾಹೈಡ್ರೇಟ್ ಅನ್ನು ಐದೇ ಕಿಲೋ ಎರಚುವುದು. ಆಗ ಸಿಗುವ ಸತು 1.05 ಕಿ.ಗ್ರಾಂ ಮಾತ್ರ, ಕೊರತೆ ಪೂರ್ತಿ ನೀಗುವುದಿಲ್ಲ. ಬೆಲೆ ಹೋಲಿಸುವಾಗಲೂ ಚೀಲದ ತೂಕವನ್ನು ನೋಡದೆ, ಬೆಲೆಯನ್ನು ಒಳಗಿನ ಸತುವಿನ ಕಿಲೋಗಳಿಂದ ಭಾಗಿಸಿ. ಮಾನೋಹೈಡ್ರೇಟ್‌ನ ಕಿಲೋ ಬೆಲೆ ಹೆಪ್ಟಾಹೈಡ್ರೇಟ್‌ನ 1.57 ಪಟ್ಟಿಗಿಂತ ಕಡಿಮೆ ಇದ್ದರೆ ಮಾನೋಹೈಡ್ರೇಟ್ ಅಗ್ಗ.

ಎಲ್ಲ ಚೀಲಗಳ ಅಂಕಿಯೂ ಇಷ್ಟು ನೇರವಲ್ಲ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರಿನ್ ಮಾತ್ರ ಇವೆ, ಆಮ್ಲಜನಕದ ಒಂದು ಪರಮಾಣುವೂ ಇಲ್ಲ. ಆದರೂ ಹಳೆಯ ರೂಢಿಯಂತೆ ಅದರ ಪೋಷಕಾಂಶವನ್ನು ಕೆ₂ಓ ಲೆಕ್ಕದಲ್ಲಿ ಶೇ. 60 ಎಂದು ನಮೂದಿಸುತ್ತಾರೆ. ಧಾತುವಿನ ಲೆಕ್ಕದಲ್ಲಿ ಅದು ಶೇ. 50ರಷ್ಟೇ.

ಸತುವಿನ ಸಲ್ಫೇಟನ್ನು ಡಿ.ಎ.ಪಿ.ಯಂತಹ ರಂಜಕದ ಗೊಬ್ಬರದೊಂದಿಗೆ ಬೆರೆಸಬಾರದು. ಸತು ಮತ್ತು ರಂಜಕ ಕೂಡಿ ನೀರಿನಲ್ಲಿ ಸುಲಭವಾಗಿ ಕರಗದ ಸತುವಿನ ಫಾಸ್ಫೇಟ್ ಆಗುತ್ತದೆ. ಇದರ ಸೂತ್ರ ಝಡ್‌ಎನ್₃(ಪಿಓ₄)₂. ಪಿ ಎಂದರೆ ರಂಜಕ. ಎಣಿಸಿ ನೋಡಿ: ಸತು 3, ರಂಜಕ 2, ಆಮ್ಲಜನಕ 8. ಕೊಂಡ ಎರಡೂ ಪೋಷಕಾಂಶಗಳು ಹೀಗೆ ಒಂದನ್ನೊಂದು ಹಿಡಿದುಕೊಂಡರೆ ಬೇರಿಗೆ ದೊರೆಯುವುದು ಕಷ್ಟ. ಆದ್ದರಿಂದ ಸತುವಿನ ಸಲ್ಫೇಟನ್ನು ಒಣ ಮಣ್ಣು ಅಥವಾ ಮರಳಿನಲ್ಲಿ ಬೆರೆಸಿ ಪ್ರತ್ಯೇಕವಾಗಿ ಎರಚಿ.